ಇಂಥವರು ಇಲ್ಲಿ ಯಾರೂ ಇಲ್ಲ

ತಕ್ಕಡಿ ಕಾರ್ಖಾನೆಯ ಇಮೇಲ್ ಸರ್ವರ್ ನೋಡಿಕೊಳ್ಳುವವಳನ್ನು ಎಲ್ಲರೂ ‘ಪಿಸುಮಾತು’ ಎಂದೇ ಕರೆಯುತ್ತಿದ್ದರು. ಅವಳ ಗಂಟಲಿನಿಂದ ಮಾತು ಹೊರಡುವುದೇ ಅಪರೂಪ. ಕಾರ್ಖಾನೆ ಕಟ್ಟಿದ ಚಿಕ್ಕಪ್ಪನೇ ಅವಳನ್ನು ಓದಿಸಿ, ತಂದು ಆ ಕುರ್ಚಿಯಲ್ಲಿ ಕೂರಿಸಿದ್ದು. ಈಗ ಯಜಮಾನಿಕೆ ಚಿಕ್ಕಪ್ಪನ ಮಗನದು; ಅವಳಿಗೆ ಅವನು ಅಣ್ಣ. ಮನೆಯಲ್ಲಿ ಕೂತರೂ ಚಿಕ್ಕಪ್ಪ ಹಳೆಯ ಗಿರಾಕಿಗಳಿಗೆ ಕಾರ್ಖಾನೆಯ ಇಮೇಲ್ ವಿಳಾಸದಿಂದಲೇ ಬರೆದು, ಹಳೆಯ ದರಕ್ಕೇ ಮಾಲು ಕೊಡಿಸುವುದಾಗಿ ಮಾತು ಕೊಡುತ್ತಲೇ ಇದ್ದರು.

“ಅಪ್ಪನ ವಿಳಾಸ ತೆಗೆದುಹಾಕು,” ಎಂದ ಅಣ್ಣ, ಅವಳ ಮೇಜಿಗೆ ಒರಗಿ ನಿಂತು. “ಅವರು ಕಳಿಸೋದನ್ನ ನಿಲ್ಲಿಸ್ಬೇಡ, ಮನೇಲಿ ರಂಪ ಆಗತ್ತೆ. ಹೊರಗಿಂದ ಅವರಿಗೆ ಬರೋದನ್ನ ಮಾತ್ರ ವಾಪಸ್ ಅಟ್ಟು.”

“ಆಗ... ಅವರು ಕಳಿಸಿದ್ದೂ ಹೋಗಲ್ಲ ಅಣ್ಣ. ಗಿರಾಕಿಗಳ ಸರ್ವರ್ ಪತ್ರ ಒಳಗೆ ಬಿಟ್ಕೊಳ್ಳೋ ಮುಂಚೆ, ಕಳಿಸಿದವರು ನಿಮ್ಮಲ್ಲಿ ಇದ್ದಾರಾ ಅಂತ ನಮ್ಮ ಸರ್ವರನ್ನೇ ಕೇಳತ್ತೆ. ನಮ್ಮದು ಇಲ್ಲ ಅನ್ನತ್ತೆ. ಆ ಉತ್ತರದ ಸಮೇತ ಪತ್ರ ಚಿಕ್ಕಪ್ಪನಿಗೇ ವಾಪಸ್ ಬರತ್ತೆ.”

ಅಣ್ಣನ ಮುಖ ಅರಳಿತು. “ಹಾವೂ ಸತ್ತಿತು, ಕೋಲೂ ಮುರೀಲಿಲ್ಲ! ಬರೀಬೇಡಿ ಅಂತ ಅಪ್ಪಂಗೆ ಹೇಳೋ ಪಾಪ ನಮಗೆ ಬರಲ್ಲ.”

ವಾಪಸು ಹೋಗುವ ಉತ್ತರವಾದರೂ ಮೆತ್ತಗಿರಲಿ ಎಂದು ಅವಳು, ‘ಹಿರಿಯರು ವಿಶ್ರಾಂತಿಯಲ್ಲಿದ್ದಾರೆ, ದಯವಿಟ್ಟು ಕಚೇರಿಗೆ ಬರೆಯಿರಿ’ ಎಂದು ಟೈಪ್ ಮಾಡಿದಳು. ಬಗ್ಗಿ ಓದಿದ ಅಣ್ಣ ನಕ್ಕ.

“ಏನಮ್ಮ, ಸನ್ಮಾನ ಪತ್ರ ಬರೀತಿದೀಯಾ? ‘ಇಂಥವರು ಇಲ್ಲಿ ಯಾರೂ ಇಲ್ಲ’ ಅಂತ ಹಾಕು, ಸಾಕು. ಕೈ ನಡುಗಿದ್ರೆ ಹೇಳು, ಈ ಕುರ್ಚಿಗೆ ಬೇಕಾದಷ್ಟು ಜನ ಇದಾರೆ.”

ಕೈ ನಡುಗಲಿಲ್ಲ. ಅದೇ ಆಮೇಲೆ ಅವಳಿಗೆ ನುಂಗಲಾರದ ತುತ್ತಾದದ್ದು.

ಮರುವಾರ ಚಿಕ್ಕಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದವರೇ ಫೋನನ್ನು ಅವಳ ಮೂಗಿನ ಹತ್ತಿರ ಹಿಡಿದರು.

“ಯಾರಿಗೆ ಬರೆದ್ರೂ ವಾಪಸ್ ಬರ್ತಿದೆ ಕಣೆ. ಇಂಥವರು ಯಾರೂ ಇಲ್ವಂತೆ! ಉಸಿರಾಡ್ತಾ ಇದೀನಿ, ಬೇಕಾದ್ರೆ ಮುಟ್ಟಿ ನೋಡು.” ನಗುವನ್ನು ಅಲ್ಲಿಗೇ ನಿಲ್ಲಿಸಿ, ದನಿ ತಗ್ಗಿಸಿದರು. “ಯಾರು ಬರೆದಿದ್ದು ಇದನ್ನ? ನಿಮ್ಮಣ್ಣನಾ?”

ಗಾಜಿನ ಕೋಣೆಯೊಳಗಿಂದ ಅಣ್ಣ ಅವಳನ್ನೇ ನೋಡುತ್ತಿದ್ದ.

“ಯಾರೂ ಅಲ್ಲ ಚಿಕ್ಕಪ್ಪ. ಸರ್ವರ್ ತಾನಾಗೇ ಬರೆಯತ್ತೆ.”

ಅವರ ಹುಬ್ಬಿನ ಗಂಟು ಸಡಿಲಾಯಿತು. “ಸದ್ಯ! ಯಾರೋ ನಮ್ಮವರೇ ಬರೆದಿದಾರೆ ಅಂದ್ಕೊಂಡಿದ್ದೆ. ಯಂತ್ರ ಕೆಟ್ಟಿರೋದಾದ್ರೆ ನೀನಿದೀಯಲ್ಲ, ಬಿಡು.”

ಕುರ್ಚಿ ಎಳೆದುಕೊಂಡು ಅವಳ ಪಕ್ಕದಲ್ಲೇ ಕೂತರು. ಅವಳು ಸೆಟ್ಟಿಂಗ್ಸ್ ಪುಟ ತೆರೆದಳು. ತನ್ನ ಕೈಯಾರೆ ಬರೆದ ಸಾಲು ಕಣ್ಣಿಗೆ ಹೊಡೆಯಿತು. ಪರದೆಯನ್ನು ಮೆಲ್ಲಗೆ ತನ್ನ ಕಡೆಗೆ ತಿರುಗಿಸಿಕೊಂಡು, ಸುಮ್ಮನೆ ಯಾವುದೋ ಕೀಲಿಗಳನ್ನು ಒತ್ತತೊಡಗಿದಳು.

“ಅವಸರ ಏನಿಲ್ಲಮ್ಮ,” ಎಂದರು ಚಿಕ್ಕಪ್ಪ. “ಆಗೋ ತನಕ ಕೂತಿರ್ತೀನಿ.”