ಪಿಳ್ಳಣ್ಣನ ವಿಮಾನ

“ಕೈ ಸಡಿಲ ಬಿಡೇ, ಬಳೆ ಒಡೆದೋಗ್ತವೆ,” ಎನ್ನುತ್ತ ಅತ್ತಿಗೆ ಕದಿರಮ್ಮ ನರಸಮ್ಮನ ಬೆರಳುಗಳನ್ನು ಒತ್ತಿ ಹಿಡಿದು ಹಸಿರು ಬಳೆಗಳನ್ನು ಒಂದೊಂದಾಗಿ ಏರಿಸುತ್ತಿದ್ದಳು. ಗಂಡ ಸತ್ತವಳಿಗೆ ಕೊನೆಯ ಸಲ ಮುತ್ತೈದೆಯ ಸಿಂಗಾರ. ಕೆನ್ನೆಗೆ ಅರಿಶಿನ ಮೆತ್ತಿ, ತಲೆ ತುಂಬ ಹೂ ಮುಡಿಸಿ ಆಗಿತ್ತು. ನರಸಮ್ಮನ ಕಿವಿ ಮಾತ್ರ ಒಳಕೋಣೆಯ ಕಡೆಗಿತ್ತು. ಅಲ್ಲಿ ಯಾರೋ ಕಂಪ್ಯೂಟರಿನ ಕೀಲಿಗಳನ್ನು ಸಿಕ್ಕಾಪಟ್ಟೆ ಕುಟ್ಟುತ್ತಿದ್ದರು.

ಎದುರಿಗೆ ಶಾಮಿಯಾನದ ಕೆಳಗೆ ಪಿಳ್ಳಣ್ಣನನ್ನು ಕುರ್ಚಿಯಲ್ಲಿ ಕೂರಿಸಿ, ಬೀಳದಂತೆ ಎದೆಗೊಂದು ಪಂಚೆ ಬಿಗಿದಿದ್ದರು. ಹಿಂದೆ ದೊಡ್ಡ ಫ್ಲೆಕ್ಸ್. ಅದರಲ್ಲಿ ಅವನ ತಲೆಗೊಂದು ಪೈಲಟ್ ಟೋಪಿ ಅಂಟಿಸಿದ್ದರು. ಪಕ್ಕದಲ್ಲಿ ಅವನ ಎರಡರಷ್ಟು ಗಾತ್ರದಲ್ಲಿ ಊರ ಮುಖಂಡ ಮುನೀಂದ್ರ ಕೈಮುಗಿದು ನಗುತ್ತಿದ್ದ. ಇಬ್ಬರಲ್ಲಿ ಸತ್ತವರು ಯಾರು ಎಂದು ಹೊಸಬರು ವಿಚಾರಿಸಿಕೊಳ್ಳಬೇಕು, ಹಾಗಿತ್ತು.

ಹೊಲದಲ್ಲಿ ಗುಂಡಿ ತೆಗೆಯಲು ಹೋದ ಜೆಸಿಬಿಗೆ ಬಂಡೆ ಸಿಕ್ಕಿ ಎಲ್ಲ ತಡವಾಗಿತ್ತು. ಕಾಯುತ್ತಿದ್ದ ಗಂಡಸರು ಟೀ ಕುಡಿದ ಲೋಟಗಳನ್ನು ಹೆಣದ ಕಾಲ ಬುಡಕ್ಕೇ ಎಸೆಯುತ್ತ, ರಸ್ತೆ ಬದಿಯ ಜಮೀನಿಗೆ ಈಗ ಗುಂಟೆಗೆ ಏನು ರೇಟು ಎಂದು ಮಾತಾಡುತ್ತಿದ್ದರು. ಊದುಬತ್ತಿಯ ಹೊಗೆಯಲ್ಲಿ ಗುಟ್ಕಾದ ವಾಸನೆ ಬೆರೆತಿತ್ತು. ನರಸಮ್ಮ ಹೇಸಿ ಮುಖ ತಿರುಗಿಸಿದಳು.

“ಒಳಗೆ ಯಾರು ಅತ್ಗೆ?”

“ಮನೋಹರ. ಮುನೀಂದ್ರಣ್ಣಂಗೆ ಆ ಪೆಟ್ಟಿಗೆ ತೋರಿಸ್ತಾವ್ನೆ. ನೀನು ಸುಮ್ಕೆ ಕೂತ್ಕೋ.”

ಮನೋಹರ್ ಮೈದುನನ ಮಗ. ಪಿಳ್ಳಣ್ಣನಿಗೆ ಮಕ್ಕಳಿಲ್ಲದ ಕಾರಣ ಕರ್ಮ ಮಾಡುವವನು ತಾನೇ ಎಂದು ಬೆಳಿಗ್ಗೆಯೇ ಪಂಚೆ ಉಟ್ಟು ನಿಂತಿದ್ದ. ಮನೆಯ ಬೀಗದ ಕೈಯೂ ಆಗಲೇ ಅವನ ಸೊಂಟ ಸೇರಿತ್ತು.

“ಹೆಡ್‌ಸೆಟ್ ಕನೆಕ್ಟ್ ಆಗ್ತಿಲ್ಲ ಅಣ್ಣ,” ಅವನ ದನಿ ಕೇಳಿತು. “ಒಂದ್ನಿಮಿಷ ಇರಿ. ಎಲ್ಲಾ ಕ್ಲೋಸ್ ಮಾಡಿ ರೀಸ್ಟಾರ್ಟ್ ಹೊಡಿತೀನಿ.”

ನರಸಮ್ಮ ಕದಿರಮ್ಮನ ಹಿಡಿತದಿಂದ ಕೈ ಬಿಡಿಸಿಕೊಂಡಳು.

*

ಪಿಳ್ಳಣ್ಣ ಸರ್ಕಾರಿ ಬಸ್ಸಿನ ಡ್ರೈವರ್ ಆಗಿದ್ದವನು. ನಿವೃತ್ತಿಯ ನಂತರ ದೇವನಹಳ್ಳಿಯ ಹೋಟೆಲೊಂದರ ವ್ಯಾನಿನಲ್ಲಿ ಪೈಲಟ್‌ಗಳನ್ನು ಏರ್‌ಪೋರ್ಟಿಗೆ ಬಿಟ್ಟು ಬರುತ್ತಿದ್ದ. ಅವರಲ್ಲೊಬ್ಬ ಊರು ಬಿಡುವಾಗ ತನ್ನ ಹಳೆಯ ಕಂಪ್ಯೂಟರನ್ನೂ, ವಿಮಾನದ ಆಟವನ್ನೂ, ಕಣ್ಣಿಗೆ ಕಟ್ಟಿಕೊಳ್ಳುವ ಹೆಡ್‌ಸೆಟ್ಟನ್ನೂ ಇವನಿಗೆ ಕೊಟ್ಟುಹೋದ. ಅಲ್ಲಿಂದ ಗಂಡ ಅವಳ ಕೈಗೆ ಸಿಗಲಿಲ್ಲ. ಸಂಜೆಯಾದರೆ ಮುಖಕ್ಕೆ ಡಬ್ಬಿ ಕಟ್ಟಿಕೊಂಡು ವಿಮಾನ ಓಡಿಸುವುದೇ ಕೆಲಸ. ಮೊದಮೊದಲು ತಲೆ ತಿರುಗಿ ಪಕ್ಕದ ಬಕೆಟ್ಟಿಗೆ ವಾಂತಿ ಮಾಡಿಕೊಳ್ಳುತ್ತಿದ್ದ. ಅದನ್ನು ತೊಳೆಯುವವಳು ನರಸಮ್ಮ. ಬೆವರಿಗೆ ಗಬ್ಬು ನಾರುವ ಹೆಡ್‌ಸೆಟ್ಟಿನ ಸ್ಪಂಜನ್ನು ಬಿಸಿಲಿಗೆ ಹಾಕುವವಳೂ ಅವಳೇ. ಅವಳಿಗೆ ಅಸಹ್ಯವಾಗುತ್ತಿತ್ತು, ಬೈಯುತ್ತಲೇ ಮಾಡುತ್ತಿದ್ದಳು.

ದಿನಾ ವೈರು ಕೈಕೊಡುತ್ತಿತ್ತು. ಹೆಡ್‌ಸೆಟ್ ಕಟ್ಟಿಕೊಂಡವನಿಗೆ ಎದುರಿನ ಕಂಪ್ಯೂಟರ್ ಕಾಣುವುದಿಲ್ಲ.

“ನರಸಮ್ಮಾ, ಕತ್ತಲಾಗೋಯ್ತು ಕಣೇ, ಬಾರೇ,” ಎಂದು ಬೀದಿಗೆಲ್ಲ ಕೇಳುವಂತೆ ಕೂಗುವನು. ಅವಳು ಹಿಟ್ಟಿನ ಕೈಯಲ್ಲೇ ಬರುವಳು.

“ಹಿಂದ್ಗಡೆ ನೀಲಿ ತೂತಲ್ಲಿರೋ ವೈರು ಕೀಳು. ದೀಪ ಆರ್ಲಿ. ಈಗ ಚುಚ್ಚು. ಬೇರೆ ಏನೂ ಮುಟ್ಬೇಡ. ಆಟ ಮುಚ್ಚಿದ್ರೆ ವಿಮಾನನೇ ಹೊಂಟೋಯ್ತದೆ. ಮುಚ್ಚದೆ ಬಿಟ್ರೆ ಎಲ್ಲಿತ್ತೋ ಅಲ್ಲೇ ಇರ್ತದೆ.”

“ಬೇರೆ ಕಸುಬಿಲ್ವಾ ನಿಂಗೆ?” ಎಂದು ಅವಳು ಚುಚ್ಚುವಳು.

ನಿನ್ನೆ ಸಂಜೆ “ಇವತ್ತು ದಿಲ್ಲಿ, ಊಟ ತಡ,” ಎಂದು ಕೂತಿದ್ದ. “ಮೇಲಕ್ಕೆದ್ದೆ ಕಣೇ,” ಎಂದದ್ದು ಅಡುಗೆಮನೆಗೆ ಕೇಳಿಸಿತ್ತು. ಆಮೇಲೆ ಸದ್ದಿಲ್ಲ. ದಿಲ್ಲಿಗೆ ಹೋಗುವಷ್ಟು ಹೊತ್ತು ಆಗುವ ಮೊದಲೇ ಸಾರಿನ ರುಚಿ ನೋಡಲು ಕರೆಯಬಂದವಳಿಗೆ ವಾಲಿದ ತಲೆ ಕಂಡಿತು. ಅವನನ್ನು ಎತ್ತುವಾಗ ವೈರು ಕಳಚಿತು. ಪರದೆ ಕಪ್ಪಾಗಿ, ಹೆಡ್‌ಸೆಟ್ ಸಿಗುತ್ತಿಲ್ಲ ಎಂಬ ಕೆಂಪು ಗುರುತೊಂದೇ ಉಳಿಯಿತು. ಡಾಕ್ಟರು ಬಂದು, “ಹಾರ್ಟ್ ಅಟ್ಯಾಕು, ಒಂದೇ ಏಟಿಗೆ ಹೋಗಿದಾರಮ್ಮ, ಅವ್ರಿಗೆ ಗೊತ್ತೇ ಆಗಿರಲ್ಲ,” ಎಂದರು.

ನಿಜವಾಗಿ ಗೊತ್ತಾಗಿರಲಿಲ್ಲವೇ? ಅಥವಾ ಅವನು ಕೂಗಿದ್ದು ಒಗ್ಗರಣೆಯ ಸದ್ದಿನಲ್ಲಿ ತನಗೆ ಕೇಳಿಸದೆ ಹೋಯಿತೇ? ಆಗಿನಿಂದ ಅವಳನ್ನು ತಿನ್ನುತ್ತಿದ್ದುದು ಇದೊಂದೇ. ಕೊನೆಗಳಿಗೆಯಲ್ಲಿ ಅವನ ಕಣ್ಣ ಮುಂದೆ ಏನಿತ್ತು ಎಂಬುದನ್ನು ಆ ಡಬ್ಬಿಯೇ ಹೇಳಬೇಕು. ಹೆಣ ಎತ್ತುವುದರೊಳಗೆ ಒಮ್ಮೆ ಅದನ್ನು ನೋಡಬೇಕೆಂದು ಕಾದಿದ್ದಳು.

*

“ಹೆಣ ಬಿಟ್ಟು ಏಳ್ಬಾರ್ದು ಕಣೇ, ನೋಡ್ದೋರು ಏನಂದಾರು?” ಕದಿರಮ್ಮ ಸೆರಗು ಹಿಡಿದಳು. ನರಸಮ್ಮ ಸೆರಗು ಕಿತ್ತುಕೊಂಡು ಒಳಗೆ ನಡೆದಳು.

ಪಿಳ್ಳಣ್ಣ ಪ್ರಾಣ ಬಿಟ್ಟ ಕುರ್ಚಿಯಲ್ಲಿ ಮುನೀಂದ್ರ ಕಾಲು ಚಾಚಿ ಕೂತಿದ್ದ. ಹೆಡ್‌ಸೆಟ್ ಹಣೆಯ ಮೇಲಿತ್ತು. “ಥೂ, ಏನ್ ನಾತ ಗುರು ಇದು,” ಎಂದು ಮೂಗಿಗೆ ಕರ್ಚೀಫು ಹಿಡಿದಿದ್ದ. ಮನೋಹರನ ಒಂದು ಕೈಯಲ್ಲಿ ಫೋನು, ಇನ್ನೊಂದು ಮೌಸಿನ ಮೇಲೆ. “ಹಂಗೇ ಈ ಕಡೆ ನೋಡಣ್ಣ, ಸ್ಟೇಟಸ್‌ಗೆ ಹಾಕಾಣ,” ಎನ್ನುತ್ತಿದ್ದ.

“ಕೈ ತೆಗಿ,” ಎಂದಳು ನರಸಮ್ಮ.

“ದೊಡ್ಡಮ್ಮ, ಆಟ ಹ್ಯಾಂಗ್ ಆಗೈತೆ. ಹೆಂಗೂ ದೊಡ್ಡಪ್ಪ ಪ್ಲೇನ್ ಎಲ್ಲೋ ಗುದ್ದಿಸಿರ್ತಾರೆ. ಹೊಸ್ದಾಗಿ ಶುರು ಮಾಡ್ಬೇಕು.”

“ಕೈ ತೆಗಿ ಅಂದೆ ಕಣೋ.” ಅವಳು ಮುನೀಂದ್ರನ ತಲೆಯಿಂದ ಹೆಡ್‌ಸೆಟ್ಟನ್ನು ತಾನೇ ಕಿತ್ತುಕೊಂಡಳು. “ಏಳಪ್ಪ ಮೇಲೆ. ಹೆಣ ಆಚೆ ಐತೆ. ನೋಡೋಕ್ ಬಂದಿದ್ರೆ ಅಲ್ಲೋಗಿ ನೋಡು.”

ಮುನೀಂದ್ರನ ಮುಖ ಕೆಂಪೇರಿತು. ಮನೋಹರ್ ಅವನ ಬೆನ್ನು ಸವರುತ್ತ, “ತಲೆ ಕೆಟ್ಟೈತೆ ಅಣ್ಣ, ದುಃಖ ನೋಡಿ,” ಎಂದು ಹೊರಗೆ ಕರೆದೊಯ್ದ.

ನರಸಮ್ಮ ಪೆಟ್ಟಿಗೆಯ ಹಿಂದೆ ಕೈ ಹಾಕಿದಳು. ಬಳೆಗಳು ಮೇಜಿಗೆ ತಾಗಿ ಒಂದೆರಡು ಒಡೆದವು. ವೈರು ಕಿತ್ತು, ದೀಪ ಆರಿದ ಮೇಲೆ ಮತ್ತೆ ಚುಚ್ಚಿ, ಕುರ್ಚಿಯಲ್ಲಿ ಕೂತು ಹೆಡ್‌ಸೆಟ್ಟನ್ನು ಕಣ್ಣಿಗೇರಿಸಿದಳು. ಒಂದು ದಿನವೂ ಕಟ್ಟಿಕೊಂಡವಳಲ್ಲ. ಪಟ್ಟಿಯಡಿ ತಲೆಯ ಹೂವೆಲ್ಲ ನುಜ್ಜಾಯಿತು. ಸ್ಪಂಜಿನಲ್ಲಿ ಅದೇ ಬೆವರಿನ ಗಬ್ಬು. ಅವಳು ಅದನ್ನು ಎದೆ ತುಂಬ ಎಳೆದುಕೊಂಡಳು.

ಕತ್ತಲು ಹರಿಯಿತು. ಮೋಡಗಳಿರಲಿಲ್ಲ. ದಿಲ್ಲಿಯೂ ಇರಲಿಲ್ಲ. ವಿಮಾನದ ಮುಂದಿನ ಗಾಜಿನಾಚೆ ಇದ್ದುದು ದೇವನಹಳ್ಳಿಯ ಏರ್‌ಪೋರ್ಟು. ಬಸ್ಸಿನಲ್ಲಿ ಹೋಗುವಾಗ ಅವಳು ಎಷ್ಟೋ ಸಲ ನೋಡಿದ್ದ ಅದೇ ಗೋಪುರ. ನಡುದಾರಿಯಿಂದ ಅವನು ವಿಮಾನವನ್ನು ವಾಪಸ್ಸು ತಿರುಗಿಸಿಕೊಂಡು ಬಂದಿದ್ದ. ಇಳಿಸಿ, ಯಾರಿಗೂ ಅಡ್ಡವಾಗದಂತೆ ಬದಿಗೆ ತಂದು ನಿಲ್ಲಿಸಿ, ಇಂಜಿನ್ ಆರಿಸಿದ್ದ. ಇಷ್ಟಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆಂದು ನರಸಮ್ಮನಿಗೆ ಗೊತ್ತಿತ್ತು. ದಿನಾ ತಟ್ಟೆಯಲ್ಲಿ ಮುದ್ದೆ ಆರಿ ಕಲ್ಲಾಗುತ್ತಿದ್ದುದು ಅಷ್ಟರಲ್ಲೇ.

ಹಾಗಾದರೆ ಅವನಿಗೆ ಗೊತ್ತಾಗಿತ್ತು. ಕೂಗಲು ಬೇಕಾದಷ್ಟು ಹೊತ್ತೂ ಇತ್ತು. ಗೋಡೆಯಾಚೆ ಅವಳಿದ್ದಳು. ಒಂದು ವೈರು ಕಳಚಿದರೆ ಬೀದಿಗೆಲ್ಲ ಕೇಳುವಂತೆ ಅವಳ ಹೆಸರು ಕೂಗುತ್ತಿದ್ದವನು, ಎದೆ ಹಿಂಡುವಾಗ ಬಾಯಿ ಬಿಡದೆ, ಇಲ್ಲದ ಜನರನ್ನು ಇಳಿಸಲು ಕೂತಿದ್ದ. ಬೆಳಿಗ್ಗೆಯಿಂದ ಕಂಡವರ ಮೇಲೆಲ್ಲ ಉಕ್ಕಿಬರುತ್ತಿದ್ದ ಹೇಸಿಗೆ ಈಗ ಅವನ ಮೇಲೆ ತಿರುಗಿತು.

ಹೊರಗೆ ತಮಟೆ ಶುರುವಾಯಿತು. “ಗುಂಡಿ ಆಯ್ತಂತೆ, ಎತ್ತಾಣ,” ಎಂದು ಯಾರೋ ಕೂಗಿದರು. ಬಾಗಿಲಲ್ಲಿ ನಿಂತಿದ್ದ ಕದಿರಮ್ಮನಿಗೆ ಹೆಡ್‌ಸೆಟ್ಟಿನ ಅಡಿಯಿಂದ ಅರಿಶಿನ ಕದಡಿದ ನೀರು ನರಸಮ್ಮನ ಗದ್ದಕ್ಕೆ ಇಳಿಯುವುದು ಕಂಡಿತು.

“ಏನೇ ಕಾಣ್ತೈತೆ ಅದ್ರಾಗೆ?”

ನರಸಮ್ಮ ಎಡಕ್ಕೆ ಕತ್ತು ಹೊರಳಿಸಿ ಪಕ್ಕದ ಕಿಟಕಿಯಿಂದ ಹಿಂದಕ್ಕೆ ನೋಡಿದಳು. ವಿಮಾನದ ಬಾಗಿಲು ತೆರೆದಿತ್ತು. ಬಾಗಿಲಿಗೆ ಮೆಟ್ಟಿಲ ಗಾಡಿ ತಂದು ಆನಿಸಿದ್ದರು. ಮೆಟ್ಟಿಲುಗಳ ಮೇಲೆ ಯಾರೂ ಇರಲಿಲ್ಲ.