ಲುಕ್ಮಾ

ಮೌಲಾನಾ ಕೆಮ್ಮಿದರು. ಓದುತ್ತಿದ್ದ ಕುರಾನಿನ ಆಯತ್ತು ನಡುವೆಯೇ ನಿಂತಿತು.

ಈಗ, ಅಂದುಕೊಂಡ ತಾರೀಖ. ಮುಂದಿನ ಶಬ್ದ ಅವನ ನಾಲಿಗೆಯ ತುದಿಗೆ ಬಂದು ಕೂತಿತ್ತು. ಬಾಯಿ ತೆರೆದಿದ್ದರೆ ಸಾಕಿತ್ತು, ಇಮಾಮರು ಮರೆತರು ಎಂಬುದು ಬೆಟಗೇರಿಯ ಆ ಮಸೀದಿಯಲ್ಲಿ ಬೆಳಗಿನ ನಮಾಜಿಗೆ ನಿಂತವರಿಗೆಲ್ಲ ಗೊತ್ತಾಗುತ್ತಿತ್ತು. ಅಷ್ಟರಲ್ಲಿ ಮೌಲಾನಾ ಗಂಟಲು ಸರಿಮಾಡಿಕೊಂಡು, ಬಿಟ್ಟಲ್ಲಿಂದಲೇ ಎತ್ತಿಕೊಂಡು, ಒಂದು ಅಕ್ಷರ ತಪ್ಪದೆ ಮುಗಿಸಿದರು. ಬರೀ ಕೆಮ್ಮು. ಥೂ!

ನಮಾಜಿನಲ್ಲಿ ಇಮಾಮರು ತಪ್ಪಿದರೆ ಹಿಂದೆ ನಿಂತವರು ತಿದ್ದಬೇಕು. ಓದು ತಪ್ಪಿದರೆ ಮುಂದಿನ ಶಬ್ದ ಹೇಳಿಕೊಡಬೇಕು. ಏಳುವುದು, ಕೂರುವುದು ತಪ್ಪಿದರೆ 'ಸುಬ್ಹಾನಲ್ಲಾಹ್' ಅನ್ನಬೇಕು. ಕುಂದಿಲ್ಲದವನು ದೇವರೊಬ್ಬನೇ ಎಂದು ಅದರ ಅರ್ಥ. ಹೀಗೆ ತಿದ್ದುವುದಕ್ಕೆ ಲುಕ್ಮಾ ಕೊಡುವುದು ಎನ್ನುತ್ತಾರೆ. ಲುಕ್ಮಾ ಅಂದರೆ ತುತ್ತು. ಆ ತುತ್ತನ್ನು ಮೌಲಾನಾರ ಬಾಯಿಗೆ ತುರುಕಲೆಂದೇ ತಾರೀಖ ದಿನಾಲೂ ಮೊದಲ ಸಾಲಿನಲ್ಲಿ, ಅವರ ಬೆನ್ನಿಗೆ ನೇರವಾಗಿ, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನಿಲ್ಲುತ್ತಿದ್ದ.

ಅವನ ಅಪ್ಪ ಖಾಸೀಮಸಾಬ ಅದೇ ಮಸೀದಿಯಲ್ಲಿ ಆಜಾನ್ ಕೂಗುತ್ತಿದ್ದವರು. ಹೋದ ವರ್ಷ ಒಂದು ನಸುಕಿನಲ್ಲಿ 'ನಿದ್ದೆಗಿಂತ ನಮಾಜು ಮೇಲು' ಎಂಬ ಸಾಲೇ ಅವರಿಗೆ ಹೊಳೆಯಲಿಲ್ಲ. ತಡವರಿಸಿದರು, ಹಿಂದಿನ ಸಾಲನ್ನೇ ಮತ್ತೆ ಕೂಗಿದರು, ಮತ್ತೆ ನಿಂತರು. ಮೌಲಾನಾ ಬಂದು ಕೈಯಿಂದ ಮೈಕು ಕಸಿದುಕೊಂಡರು. ಮೈಕು ಚಾಲೂ ಇತ್ತು.

"ಸಾಕು ಚಾಚಾ. ವಯಸ್ಸಾತು. ಇನ್ನ ಮನ್ಯಾಗ ಕುಂಡ್ರಿ."

ಇಡೀ ಓಣಿ ಕೇಳಿತು. ಆಗೆಲ್ಲ ಹಬ್ಬಕ್ಕಷ್ಟೇ ಮಸೀದಿಗೆ ಹೋಗುತ್ತಿದ್ದ ತಾರೀಖ ಹಾಸಿಗೆಯಲ್ಲಿ ಮಲಗಿಕೊಂಡೇ ಕೇಳಿದ.

ಅಪ್ಪ ಮನೆಗೆ ಬಂದು ಕೂತರು. ಆಮೇಲೆ ಅವರು ಬಾಯಿ ಬಿಟ್ಟದ್ದು ಕಡಿಮೆ. ಮಳೆಗಾಲದಲ್ಲಿ ತೀರಿಕೊಂಡರು. ಜನಾಜಾ ನಮಾಜಿಗೂ ಇದೇ ಮೌಲಾನಾ ಮುಂದೆ ನಿಂತರು. ಆ ಬಿಳಿ ಅಂಗಿಯ ಬೆನ್ನನ್ನು ನೋಡುತ್ತ ತಾರೀಖ ಹಲ್ಲು ಕಚ್ಚಿ ನಿಶ್ಚಯಿಸಿದ: ನೀನೂ ಮರೆಯುತ್ತೀ, ಮಗನೇ. ಆವತ್ತು ನಾನು ನಿನ್ನ ಹಿಂದೆ ಇರುತ್ತೇನೆ.

ಅಂದಿನಿಂದ ಒಂದು ನಮಾಜೂ ತಪ್ಪಿಸಿರಲಿಲ್ಲ. ಮೌಲಾನಾ ಓದುವ ಕುರಾನಿನ ಸೂರಾಗಳನ್ನೆಲ್ಲ ಮೊಬೈಲಿನಲ್ಲಿ ಕೇಳಿ ಕೇಳಿ ಬಾಯಿಪಾಠ ಮಾಡಿದ್ದ. ಗಡ್ಡ ಬಂತು, ನೆಲಕ್ಕೆ ಹಚ್ಚಿ ಹಚ್ಚಿ ಹಣೆಯ ಮೇಲೆ ಕಪ್ಪು ಗುರುತೂ ಬಂತು. ಓಣಿಯ ಜನ ತಮ್ಮ ಮಕ್ಕಳಿಗೆ ಅವನನ್ನು ತೋರಿಸತೊಡಗಿದರು.

"ಇವತ್ತೂ ಹಲ್ಲು ಕಡಕೋತ ಬಂದ್ರಿ," ಅಂದಳು ಗುಲ್ನಾಜ, ಅವನ ಹೆಂಡತಿ, ಚಾ ಮುಂದಿಡುತ್ತ. "ನಮಾಜ್ ಮುಗಿಸಿ ಬಂದವ್ರ ಮಾರಿ ಹಿಂಗ ಇರತೈತಿ?"

"ಹೆಂಗೈತಿ?"

"ಜಗಳಾ ಅರ್ಧಕ್ಕ ಬಿಟ್ಟು ಬಂದವ್ರಂಗ."

ಅವನು ಚಾ ಕುಡಿದ. ಚಾ ಆರಿತ್ತು.

ತಾರೀಖ ಲಕ್ಕುಂಡಿಯ ಕಾಲೇಜಿನಲ್ಲಿ ಗಣಿತ ಹೇಳುತ್ತಿದ್ದ. ಮಧ್ಯಾಹ್ನ ಸ್ಟಾಫ್ ರೂಮಿನ ಮೂಲೆಯಲ್ಲಿ ಚಾಪೆ ಬಿಚ್ಚಿದಾಗ ಕನ್ನಡದ ಸಕ್ರಪ್ಪ ಮಾತು ನಿಲ್ಲಿಸಿ, ಫ್ಯಾನಿನ ಗಾಳಿ ಅವನ ಕಡೆ ಬರುವಂತೆ ಕುರ್ಚಿ ಸರಿಸಿದರು.

ನಿಂತ. ಎದುರಿಗೆ ಗೋಡೆ, ಗೋಡೆಯಲ್ಲೊಂದು ಮೊಳೆ. ಮುಂದೆ ಯಾವ ಬೆನ್ನೂ ಇರಲಿಲ್ಲ. ಬಗ್ಗಿದ, ಎದ್ದ, ಹಣೆ ಹಚ್ಚಿದ. ತಿದ್ದುವುದಕ್ಕೆ ಯಾರೂ ಇಲ್ಲದ ನಮಾಜು ಉಪ್ಪಿಲ್ಲದ ಸಾರಿನ ಹಾಗೆ ಸಪ್ಪಗಿತ್ತು. ಅಲ್ಲಾಹನನ್ನು ನೆನೆಯಲು ನೋಡಿದ. ಮೌಲಾನಾರ ಕುತ್ತಿಗೆ ನೆನಪಾಯಿತು, ಅದರ ಎರಡು ಮಡಿಕೆ, ನಡುವಿನ ಬೆವರು. ಆಗಷ್ಟೇ ಮನಸ್ಸು ನಿಂತಿತು.

"ನಿಮ್ಮಂಗ ದೇವರಾಗ ಮನಸ್ಸಿಡೂದು ನಮ್ಮ ಕೈಲೆ ಆಗಂಗಿಲ್ರಿ ಸರ," ಅಂದರು ಸಕ್ರಪ್ಪ. "ಪೂಜಾಕ್ಕ ಕುಂತ್ರ ಬರೇ ಪೇಟಿ ಸುದ್ದಿ."

"ರೂಢಿ ಆಕ್ಕೈತ್ರಿ," ಅಂದ ತಾರೀಖ.

ಬಸ್ಸಿಳಿದು ಬರುವಷ್ಟರಲ್ಲಿ ಸಂಜೆಯ ಅಸರ್ ನಮಾಜಿನ ಹೊತ್ತು. ಕಾಲು ತೊಳೆದು ತನ್ನ ಜಾಗದಲ್ಲಿ ನಿಂತ. ಅಸರಿನಲ್ಲಿ ನಾಲ್ಕು ರಕಾತು, ಅಂದರೆ ನಿಂತು, ಬಗ್ಗಿ, ಹಣೆ ಹಚ್ಚುವ ನಾಲ್ಕು ಸುತ್ತು, ಎಲ್ಲವೂ ಮೌನ. ಇಮಾಮರು ಒಳಗೊಳಗೇ ಓದಿಕೊಳ್ಳುತ್ತಾರೆ. ಓದಿನ ತಪ್ಪು ಹಿಡಿಯುವಂತಿಲ್ಲ, ಎಣಿಕೆಯದನ್ನು ಹಿಡಿಯಬಹುದು. ಎರಡು ರಕಾತು ಮುಗಿಸಿ ಕೂತದ್ದಾಯಿತು; ಇನ್ನು ಕೂರುವುದು ನಾಲ್ಕಕ್ಕೇ. ಮೌಲಾನಾ ಎದ್ದರು.

ಅವರ ಕಿವಿ ಕೆಂಪಾಗುವುದನ್ನು ತಾರೀಖ ಮನಸ್ಸಿನಲ್ಲೇ ಕಂಡ. ಎಲ್ಲರೂ ತಿರುಗಿ ನೋಡುತ್ತಿದ್ದಾರೆ, ಮೌಲಾನಾ ತಡವರಿಸುತ್ತಿದ್ದಾರೆ, ಯಾರೋ ಮೈಕು ಹಚ್ಚಿದ್ದಾರೆ. ಬಗ್ಗಿದ, ಎದ್ದ. ಈಗ ಮೌಲಾನಾ ಹಾಸಿಗೆ ಸುತ್ತಿಕೊಂಡು ಬಸ್‌ಸ್ಟ್ಯಾಂಡಿಗೆ ಹೊರಟಿದ್ದಾರೆ, ಮುಂಡರಗಿ ಬಸ್ಸಿನ ಕಂಡಕ್ಟರ್ ಹತ್ತಿಸಿಕೊಳ್ಳಲು ಒಲ್ಲೆ ಅನ್ನುತ್ತಿದ್ದಾನೆ. ಆಹಾ! ಹಣೆ ಚಾಪೆಗೆ ಹತ್ತಿದಾಗಲೂ ಅವನ ತುಟಿಯಲ್ಲಿ ನಗು ಇತ್ತು.

ತಲೆಯೆತ್ತಿದರೆ ಮೌಲಾನಾ ಕೂತಿದ್ದರು.

ಮೂರಕ್ಕೇ ಕೂತರು! ತಾರೀಖ ಬಾಯಿ ಬಿಟ್ಟೇಬಿಟ್ಟ. "ಸುಬ್ಹಾನಲ್ಲಾಹ್!"

ಮೌಲಾನಾ ಅಲುಗಾಡಲಿಲ್ಲ.

"ಸುಬ್ಹಾನಲ್ಲಾಹ್!" ಅಂದ ಇನ್ನೂ ಗಟ್ಟಿಯಾಗಿ. ಕುತ್ತಿಗೆಯ ಮಡಿಕೆಗಳು ಬಿಗಿದವು. ಮೌಲಾನಾ ಮೊಣಕಾಲಿಗೆ ಕೈಯೂರಿ ಎದ್ದುನಿಂತರು. ಹಿಂದಿನವರೂ ಒಬ್ಬರನ್ನು ನೋಡಿ ಒಬ್ಬರು ಎದ್ದರು.

ಬಗ್ಗಿದಾಗ ಅವನಿಗೆ ಲೆಕ್ಕ ಹತ್ತಿತು. ಕಿವಿ ಕೆಂಪಾದದ್ದು ಒಂದು ರಕಾತಿನಲ್ಲಿ. ಹಾಸಿಗೆ ಸುತ್ತಿಕೊಂಡು ಹೊರಟದ್ದು ಇನ್ನೊಂದರಲ್ಲಿ. ಮೊದಲಿನ ಎರಡು ಸೇರಿದರೆ ನಾಲ್ಕು. ಇದು ಐದನೆಯದು.

ಕೊನೆಯ ಸಲಾಮು ಹೇಳಿ ನಮಾಜು ಮುಗಿದದ್ದೇ ತಡ, ಗುಜುಗುಜು ಎದ್ದಿತು. ಮಸೀದಿಯ ಹಿರಿಯ ರಾಜೇಸಾಬ ಕೂತಲ್ಲಿಂದಲೇ ಕೇಳಿದರು.

"ಐದ ಆದ್ವಲ್ರಿ, ಹಜರತ್?"

"ತಾರೀಖ ಸರ ಲುಕ್ಮಾ ಕೊಟ್ರಲ್ಲ," ಅಂದರು ಯಾರೋ. "ಅವರು ತಪ್ಪಾಂಗಿಲ್ಲ ಬಿಡ್ರಿ. ನಾಕ ಆಗಿರಬೇಕು."

"ಹಂಗಾರ ನಾನ ತಪ್ಪಿ ಎಣಿಸಿದೆನೋ ಏನೋ," ಅಂದರು ರಾಜೇಸಾಬ. ಸಿಟ್ಟು ಮೌಲಾನಾರ ಕಡೆ ತಿರುಗಿತು. "ನಾಕೋ ಐದೋ ಇಮಾಮರಿಗೇ ಖಬರ ಇಲ್ಲಂದ್ರ ಹೆಂಗ್ರಿ?"

ಮೌಲಾನಾ ತಾರೀಖನನ್ನು ನೋಡಿದರು. ಐದು ಎನ್ನಲು ಒಂದು ಉಸಿರು ಸಾಕಿತ್ತು. ತಾರೀಖ ಚಾಪೆಯ ಹೆಣಿಗೆಯನ್ನು ನೋಡುತ್ತ ಕೂತ.

"ತಪ್ಪು ನಂದ," ಅಂದರು ಮೌಲಾನಾ. "ನನ್ನ ಖಯಾಲ್ ಎಲ್ಲೋ ಇತ್ತು."

"ಸಾಕು ಹಜರತ್. ವಯಸ್ಸಾತು," ಅಂದರು ರಾಜೇಸಾಬ. "ಇನ್ನ ಮನ್ಯಾಗ ಕುಂಡ್ರಿ."

ಅದೇ ಮಾತು. ಇಷ್ಟು ದಿನ ಕಾದದ್ದು ಇದಕ್ಕೇ. ತಾರೀಖ ಖುಷಿಗಾಗಿ ಒಳಗೆಲ್ಲ ತಡಕಾಡಿದ. ಅಪ್ಪನ ಮುಖವನ್ನಾದರೂ ನೆನೆಯಲು ನೋಡಿದ. ಅದೂ ಬರಲಿಲ್ಲ.

"ಖರೆ ಐತಿ," ಅಂದರು ಮೌಲಾನಾ. "ಆದ್ರ ನಮಾಜ್ ಮತ್ತೊಮ್ಮೆ ಆಗಬೇಕು. ತಾರೀಖ ಸರ, ನೀವ ಮುಂದ ನಿಂದ್ರಿ. ಇಲ್ಲೆ ನಿಮ್ಮಷ್ಟು ಮನಸ್ಸಿಟ್ಟು ನಿಲ್ಲೋರು ಯಾರದಾರ?"

"ನಾನ್ಯಾಕ್ರಿ? ಬ್ಯಾಡ್ರಿ."

"ಜಲ್ದಿ ಹೋಗ್ರಿ ಸರ," ಅಂದರು ಎಲ್ಲರೂ. ಬೆನ್ನಿಗೆ ಕೈ ಹಚ್ಚಿ ಮುಂದೆ ದಬ್ಬಿದರು.

ಇಮಾಮರು ನಿಲ್ಲುವ ಜಾಗದಲ್ಲಿ ನಿಂತ. ಅವನು ಬಿಟ್ಟ ತೆರವಿಗೆ ಮೌಲಾನಾ ಬಂದು ನಿಂತದ್ದು ಸಪ್ಪಳದಿಂದಲೇ ತಿಳಿಯಿತು. ಕೈಯೆತ್ತಿ "ಅಲ್ಲಾಹು ಅಕ್ಬರ್" ಅಂದ. ಹಿಂದೆ ಎಲ್ಲರೂ ಕೈ ಕಟ್ಟಿದರು.

ಮೌನ. ಅವನಿಗೆ ಮೊದಲ ಶಬ್ದ ಹೊಳೆಯಲಿಲ್ಲ. ಮಕ್ಕಳಿಗೂ ಬರುವ ಶಬ್ದ. ಎದುರಿಗೆ ಸುಣ್ಣ ಬಳಿದ ಕಮಾನಿನ ಗೂಡು, ಒಳಗೆ ಏನೂ ಇಲ್ಲ, ಯಾರ ಬೆನ್ನೂ ಇಲ್ಲ. ಅವನು ಓದುತ್ತಿದ್ದಾನೋ ಇಲ್ಲವೋ ಯಾರಿಗೂ ಗೊತ್ತಾಗುವಂತಿರಲಿಲ್ಲ. ಕುತ್ತಿಗೆಯ ಹಿಂದೆ ಬೆವರು ಇಳಿಯತೊಡಗಿತು. ಹಿಂದಿನಿಂದ ಒಂದು ಶಬ್ದ ಬಂದೀತೆಂದು ಬಾಯಿ ಅರ್ಧ ತೆರೆದುಕೊಂಡು ಕಾದ.

ಹಿಂದಿನಿಂದ ಕೆಮ್ಮೂ ಬರಲಿಲ್ಲ.