ಹೊಟ್ಟೆಯ ಮೇಲೆ ಜೋಡಿ ಜಿಂಕೆ

ನಾನೊಂದು ಗಿಟಾರ್. ಸಿನಿಮಾದ ನಾಯಕ ಹೆಗಲಿಗೆ ತಗುಲಿಸಿಕೊಂಡು ಕುಣಿಯುತ್ತಾನಲ್ಲ, ಆ ಜಾತಿಯದಲ್ಲ. ಕುರ್ಚಿಯಲ್ಲಿ ಕೂತು, ಎಡಗಾಲನ್ನು ಸಣ್ಣ ಮಣೆಯ ಮೇಲಿಟ್ಟು, ಮಗುವನ್ನು ಮಡಿಲಿಗೆ ಹಾಕಿಕೊಂಡಂತೆ ಹಿಡಿದು ಬರಿಬೆರಳಿನಿಂದ ನುಡಿಸುವ ಕ್ಲಾಸಿಕಲ್ ಗಿಟಾರ್. ಹುಟ್ಟಿದ್ದು ಮೈಸೂರಿನ ಮಂಡಿ ಮೊಹಲ್ಲಾದ ಒಂದು ಹೆಂಚಿನ ಮನೆಯ ಪಡಸಾಲೆಯಲ್ಲಿ. ಬೆನ್ನು, ಪಕ್ಕೆ ಎಲ್ಲ ಬೀಟೆ ಮರ, ಈ ಕಡೆಯದೇ. ಎದುರಿನ ಹಲಗೆ ಮಾತ್ರ ಸ್ಪ್ರೂಸ್ ಎಂಬ ಪರದೇಶದ ಬಿಳಿ ಮರ, ಹಡಗು ಹತ್ತಿ ಬಂದದ್ದು. ಹೀಗೆ ನನ್ನದು ಹುಟ್ಟಿನಿಂದಲೇ ಬೆರಕೆ ಸಂಬಂಧ. ಆದರೂ ಇಬ್ಬರೂ ಇಷ್ಟು ವರ್ಷ ಒಬ್ಬರನ್ನೊಬ್ಬರು ಬಿಟ್ಟುಕೊಟ್ಟಿಲ್ಲ.

ನನ್ನನ್ನು ಮಾಡಿದವಳು ಕಾಮಾಕ್ಷಿ. ಅವಳ ತಂದೆ ಕೆಂಪಾಚಾರ್ರು ಬೀಟೆ ಹಲಗೆಯಲ್ಲಿ ಚಿತ್ರ ಕೂರಿಸುವ ಇನ್‌ಲೇ ಕೆಲಸದಲ್ಲಿ ಹೆಸರು ಮಾಡಿದವರು. ಹಲಸಿನ ಹಳದಿ, ಕರಿಮರದ ಕಪ್ಪು, ತೇಗದ ಕಂದು, ಹೀಗೆ ಮರದ ಚೂರುಗಳನ್ನೇ ಬಣ್ಣ ಮಾಡಿಕೊಂಡು ಆನೆ, ನವಿಲು, ಹೊಳೆ, ಬೆಟ್ಟ ಏನನ್ನಾದರೂ ಹಲಗೆಯೊಳಗೆ ಕೂರಿಸಿಬಿಡುತ್ತಿದ್ದರು. ಮಗಳೂ ಅದನ್ನೇ ಕಲಿತಳು. ಆದರೆ ಯಾರೋ ರಿಪೇರಿಗೆ ತಂದ ಮುರುಕು ಗಿಟಾರೊಂದರ ಹೊಟ್ಟೆಯೊಳಗೆ ಇಣುಕಿದ ದಿನದಿಂದ ಅವಳ ತಲೆ ಕೆಟ್ಟಿತು. ಗೋವಾಕ್ಕೆ ಹೋಗಿ ಎರಡು ವರ್ಷ ಒಬ್ಬ ಕಸುಬುದಾರರ ಹತ್ತಿರ ಕಲಿತು ಬಂದಳು.

ಕೆಂಪಾಚಾರ್ರು ಅದನ್ನು ಕೆಲಸವೆಂದು ಒಪ್ಪಲಿಲ್ಲ. “ಪೆಟ್ಟಿಗೆ ಮಾಡೋದು” ಎನ್ನುತ್ತಿದ್ದರು. “ನಮ್ಮನೇಲಿ ಪೆಟ್ಟಿಗೆ ಮಾಡೋರು ಯಾರೂ ಇರ್ಲಿಲ್ಲ ಮಗ” ಎಂದು ಬಂದವರೆದುರಿಗೇ ಅಂದುಬಿಡುತ್ತಿದ್ದರು. ಕಾಮಾಕ್ಷಿ ನಕ್ಕುಬಿಡುತ್ತಿದ್ದಳು. ಆ ನಗು ಎಷ್ಟು ಹೊತ್ತು ಬಾಳುತ್ತಿತ್ತು ಎಂಬುದು ಅವಳ ಕೈಯಲ್ಲಿದ್ದ ನನಗೆ ಮಾತ್ರ ಗೊತ್ತಾಗುತ್ತಿತ್ತು. ಅಪ್ಪನ ಬಾಯಿಂದ ‘ಇದೂ ಒಂದು ಕೆಲಸ’ ಎಂಬ ಒಂದು ಮಾತು ಬಂದರೆ ಸಾಕಿತ್ತು ಅವಳಿಗೆ. ಕೊಳ್ಳುವವರ ಮೆಚ್ಚುಗೆಯೆಲ್ಲ ಆಮೇಲಿನದು.

ಕೊಳ್ಳುವವರೊಬ್ಬರು ಸಿಕ್ಕಿದರು. ಮಂಗಳೂರಿನಿಂದ ಬಂದು ಇಲ್ಲಿ ಗಿಟಾರ್ ಕಲಿಸುತ್ತಿದ್ದ ಸಲ್ಡಾನಾ ಮಾಸ್ಟ್ರು ನನಗಾಗಿ ಹೇಳಿಟ್ಟಿದ್ದರು. ಕಾಮಾಕ್ಷಿಗೆ ಸಿಕ್ಕ ಮೊದಲ ಗಿರಾಕಿ. ನನ್ನ ಎದುರುಹಲಗೆಯನ್ನು ಎರಡೂವರೆ ಮಿಲಿಮೀಟರಿಗೆ ಇಳಿಸಿ, ಅದರ ಒಳಮೈಗೆ ಬೀಸಣಿಗೆಯ ಹಾಗೆ ಏಳು ಸಣ್ಣ ಕಡ್ಡಿ ಅಂಟಿಸಿ, ದಿನವೂ ಬೆರಳಿನಿಂದ ತಟ್ಟಿ ಕಿವಿಗೊಟ್ಟು ಕೇಳುತ್ತಿದ್ದಳು. ಅಪ್ಪನಿಗೂ ಒಂದು ಪಾಲು ಇರಲಿ ಎಂದು ನನ್ನ ಬಾಯಿಯ, ಅಂದರೆ ಹಲಗೆಯ ನಡುವಿನ ದುಂಡು ತೂತಿನ, ಸುತ್ತ ಇರುವ ಕುಸುರಿಯ ಬಳೆಯನ್ನು ಅವರಿಗೇ ಬಿಟ್ಟಿದ್ದಳು. ಅವರು ಅದನ್ನು ಒಂದೂವರೆ ದಿನದಲ್ಲಿ ಮುಗಿಸಿ, “ನಲವತ್ತು ವರ್ಷ ಕೈ ಪಳಗಿಸಿದ್ದು ಒಂದು ಬಳೆ ಕೂರ್ಸಕ್ಕಾ?” ಎಂದು ಗೊಣಗಿದರು.

ಅಷ್ಟರಲ್ಲಿ ಚಾಮರಾಜನಗರದಲ್ಲಿ ಚಿಕ್ಕಮ್ಮನ ಮಗಳ ಮದುವೆ ಬಂತು. ಕಾಮಾಕ್ಷಿ ಮೂರು ದಿನ ಹೋದಳು. ನಾನು ಬೆಳ್ಳಗೆ, ಬೋಳುಬೋಳಾಗಿ ಮೇಜಿನ ಮೇಲೆ ಮಲಗಿದ್ದೆ. ಕೆಂಪಾಚಾರ್ರು ನನ್ನ ಸುತ್ತ ಎರಡು ಸುತ್ತು ಹಾಕಿದರು. “ಅಷ್ಟಗಲ ಜಾಗ ಖಾಲಿ ಬಿಟ್ಟಿದಾಳಲ್ಲ, ಹಣೆಗೆ ಕುಂಕುಮ ಇಡ್ದೆ ಮದುಮಗಳನ್ನ ಕಳಿಸಕ್ಕಾಗುತ್ತಾ?” ಎಂದು ತಮಗೆ ತಾವೇ ಹೇಳಿಕೊಂಡು ಚೂರಿ ಕೈಗೆತ್ತಿಕೊಂಡರು. ನನ್ನ ಹೊಟ್ಟೆಯ ಕೆಳಭಾಗದಲ್ಲಿ ಅರ್ಧ ದಪ್ಪದಷ್ಟು ತೋಡಿ ಎರಡು ಜಿಂಕೆ ಕೂರಿಸಿದರು. ಹಲಸಿನ ಮರದ ಮೈ, ಕರಿಮರದ ಕೋಡು, ಒಂದು ನಿಂತು ಹಿಂದೆ ನೋಡುತ್ತಿದೆ, ಒಂದು ಹುಲ್ಲು ಮೇಯುತ್ತಿದೆ. ನಾನು ಹೇಳಬಾರದು, ಆದರೂ ಹೇಳುತ್ತೇನೆ: ಅಷ್ಟು ಚೆಂದದ ಜಿಂಕೆಗಳನ್ನು ನಾನು ಆಮೇಲೂ ಎಲ್ಲೂ ನೋಡಲಿಲ್ಲ. ಪ್ರೀತಿಯಿಂದಲೇ ಮಾಡಿದ್ದರು. ಆದರೆ ಗಿಟಾರಿನ ಮೈಯಲ್ಲಿ ಎಲ್ಲಕ್ಕಿಂತ ಹೆಚ್ಚು ಅದುರಬೇಕಾದ ಜಾಗವದು. ಅಲ್ಲಿ ಗಟ್ಟಿಮರವೂ ಗೋಂದೂ ಹೋಗಿ ಕೂತವು.

ಕಾಮಾಕ್ಷಿ ಮದುವೆಯ ಸೀರೆಯಲ್ಲೇ ಬಂದು ನನ್ನನ್ನು ನೋಡಿದಳು. ಒಂದು ಸಲ ತಟ್ಟಿದಳು. ಮಂಕು ಸದ್ದು ಬಂತು. ಅವಳು ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು.

“ಹೆಂಗಿದೆ ಮಗ?” ಎಂದರು ಕೆಂಪಾಚಾರ್ರು, ಮುಖ ಅರಳಿಸಿಕೊಂಡು.

“ಚೆನ್ನಾಗಿದೆ ಅಪ್ಪ” ಎಂದಳು.

ಏನೂ ಆಗಿರಲಾರದು ಎಂಬ ಆಸೆ ಯಾರಿಗೆ ಇರುವುದಿಲ್ಲ? ಮೆರುಗು ಹಚ್ಚಿ, ತಂತಿ ಬಿಗಿದು ಮಾಸ್ಟ್ರಿಗೆ ಹೇಳಿ ಕಳಿಸಿದಳು. ಸಲ್ಡಾನಾ ಮಾಸ್ಟ್ರು ಬಂದು ಜಿಂಕೆಗಳನ್ನು ನೋಡಿ ಹುಬ್ಬೇರಿಸಿದರು. ಕೂತರು. ನುಡಿಸಿದರು. ಮೇಲುದನಿಯ ತಂತಿಗಳು ಹೇಗೋ ಮಾನ ಉಳಿಸಿದವು. ಕೆಳದನಿಯ ಮೂರು ತಂತಿಗಳನ್ನು ಮುಟ್ಟಿದಾಗ ಮಾತ್ರ ನಾನು ಶೀತವಾದವರಂತೆ ಮೂಗಿನಲ್ಲಿ ಮಾತಾಡಿದೆ. ನನಗೇ ನಾಚಿಕೆಯಾಯಿತು.

“ಚಂದ ಉಂಟಮ್ಮ” ಎಂದರು ಮಾಸ್ಟ್ರು. “ಆದ್ರೆ ಇದು ನೋಡ್ಲಿಕ್ಕೆ. ನುಡಿಸ್ಲಿಕ್ಕೆ ಅಲ್ಲ. ಬೇಜಾರು ಮಾಡ್ಕೊಳ್ಬೇಡಿ.”

ಅವರು ಹೋದ ಮೇಲೆ ಕೆಂಪಾಚಾರ್ರು, “ಆತನಿಗೆ ರುಚಿ ಇಲ್ಲ, ಬಿಡು” ಎಂದರು. ಆದರೆ ಮಧ್ಯಾಹ್ನ ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಎದ್ದರು.

ಎದುರುಹಲಗೆ ಕಿತ್ತು ಹೊಸದು ಹಾಕೋಣವೆಂದರೆ ಅಂಥ ಮರ ಮತ್ತೆ ಹಡಗು ಹತ್ತಿ ಬರಬೇಕು. ಜಿಂಕೆಗಳನ್ನು ಕಿತ್ತರೆ ನನ್ನ ಹೊಟ್ಟೆ ತೂತಾಗುತ್ತದೆ. ಕಾಮಾಕ್ಷಿ ಎರಡು ದಿನ ನನ್ನನ್ನು ನೋಡುತ್ತ ಕೂತಳು. ಮೂರನೆಯ ದಿನ ತಂತಿ ಬಿಚ್ಚಿ, ತನ್ನ ಕೈಬಳೆ ಕಳಚಿಟ್ಟು, ಸಣ್ಣ ಅಲಗೊಂದನ್ನು ಬೆರಳಿಗೆ ಕಟ್ಟಿಕೊಂಡು ನನ್ನ ಬಾಯಿಯೊಳಗೆ ಕೈ ತೂರಿಸಿದಳು. ಮೇಲೆ ಭಾರವಾದಷ್ಟು ಒಳಗಿನ ಕಡ್ಡಿಗಳನ್ನು ಸವರಿ ಹಗುರ ಮಾಡುವುದು ಅವಳ ಲೆಕ್ಕ. ಕಣ್ಣಿಗೆ ಕಾಣದ ಕೆಲಸ. ಒಂದು ಎಳೆ ಹೆಚ್ಚು ಹೋದರೆ ತಂತಿಯ ಬಿಗಿಗೆ ನಾನು ಸೀಳಿಹೋಗುತ್ತಿದ್ದೆ.

ಕೆಂಪಾಚಾರ್ರು ಬಾಗಿಲಲ್ಲಿ ನಿಂತು ನೋಡಿದರು. ಆಮೇಲೆ ಒಂದು ಸೀಮೆಸುಣ್ಣ ಹಿಡಿದು ಬಂದು ಎದುರಿಗೆ ಕೂತರು. ತಮ್ಮ ಚೂರಿ ಎಲ್ಲೆಲ್ಲಿ ಎಷ್ಟು ಆಳ ಹೋಗಿದೆ ಎಂಬುದು ಅವರಿಗೆ ಅಂಗೈ ಗೆರೆಯ ಹಾಗೆ ಗೊತ್ತಿತ್ತು. ನನ್ನ ಹೊಟ್ಟೆಯ ಮೇಲೆ ಗುರುತು ಹಾಕುತ್ತ, “ಕೋಡಿನ ಕೆಳಗೆ ಬೇಡ, ಅಲ್ಲಿ ಆಳ ಹೋಗಿದೀನಿ. ಕಾಲಿನ ಹತ್ರ ಸವರು. ಇನ್ನೊಂಚೂರು. ಸಾಕು” ಎನ್ನುತ್ತಿದ್ದರು. ಹನ್ನೊಂದು ದಿನ ಹೊರಗೆ ಅಪ್ಪನ ಬೆರಳು, ಒಳಗೆ ಮಗಳ ಬೆರಳು, ನಡುವೆ ನಾನು. ಅವಳ ಮಣಿಕಟ್ಟಿನ ಚರ್ಮ ನನ್ನ ಬಾಯಿಯ ಅಂಚಿಗೆ ಉಜ್ಜಿ ಕೆಂಪಾಗಿತ್ತು. ಕೆಂಪಾಚಾರ್ರು ಕೊಬ್ಬರಿಎಣ್ಣೆ ತಂದಿಟ್ಟರೇ ಹೊರತು ‘ತಪ್ಪಾಯಿತು’ ಎಂದು ಬಾಯಿಬಿಟ್ಟು ಅನ್ನಲಿಲ್ಲ. ಹನ್ನೆರಡನೆಯ ದಿನ ತಟ್ಟಿದಾಗ ನನ್ನೊಳಗಿನಿಂದ ಹೊಸ ದನಿ ಬಂತು.

ಕಾಮಾಕ್ಷಿ ನನ್ನನ್ನು ಮಾಸ್ಟ್ರ ಮನೆಗೇ ಒಯ್ದಳು. “ಒಂದು ವಾರ ಇಟ್ಕೊಳ್ಳಿ ಸಾರ್. ಬೇಡ ಅಂದ್ರೆ ನಾನೇ ಬಂದು ತಗೊಂಡು ಹೋಗ್ತೀನಿ” ಎಂದಳು. ವಾರವಾಯಿತು, ಮಾಸ್ಟ್ರ ಸುದ್ದಿಯಿಲ್ಲ. ಒಂಬತ್ತನೆಯ ದಿನ ಅವರು ಬರಿಗೈಯಲ್ಲಿ ಅವಳ ಮನೆಗೆ ಹೋದರಂತೆ. “ಕೊಡ್ಲಿಕ್ಕೆ ಮನಸ್ಸು ಬರುದಿಲ್ಲ ಮಾರಾಯ್ತಿ, ಕ್ರಯ ಹೇಳಿ” ಎಂದರಂತೆ. ಅವಳು ಹೇಳಿದ ಬೆಲೆಯನ್ನು ಚೌಕಾಶಿ ಮಾಡದೆ ಕೊಟ್ಟರು. ಕೆಂಪಾಚಾರ್ರು ಮಾತ್ರ ಬೀದಿಯಲ್ಲಿ ಸಿಕ್ಕವರಿಗೆಲ್ಲ, “ಜಿಂಕೆ ನೋಡಿ ಸೋತೋದ್ರು ಮಾಸ್ಟ್ರು” ಎಂದು ಹೇಳಿಕೊಂಡು ಬಂದರು. ಕಾಮಾಕ್ಷಿ ಎಂದಿನಂತೆ ನಕ್ಕಳು.

ಇಪ್ಪತ್ನಾಲ್ಕು ವರ್ಷ ಮಾಸ್ಟ್ರ ಮಡಿಲಲ್ಲಿದ್ದೆ. ಚರ್ಚಿನ ಮದುವೆಗಳಲ್ಲಿ, ಕಾಲೇಜಿನ ಸಭಾಂಗಣಗಳಲ್ಲಿ ನುಡಿದೆ. ಒಂದು ಮಳೆಗಾಲ ಮಂಗಳೂರಿಗೆ ಹೋಗಿ ಅಲ್ಲಿಯ ತೇವಕ್ಕೆ ಹೊಟ್ಟೆ ಉಬ್ಬಿಸಿಕೊಂಡು ಬಂದೆ. ನನ್ನನ್ನು ಕೇಳಿದವರು ಕಾಮಾಕ್ಷಿಯ ವಿಳಾಸ ಹುಡುಕಿಕೊಂಡು ಹೋದರು. ಈಗ ಅವಳ ಹತ್ತಿರ ಗಿಟಾರ್ ಬೇಕೆಂದರೆ ವರ್ಷ ಕಾಯಬೇಕು. ಕೊನೆಗೆ ಮಾಸ್ಟ್ರ ಬೆರಳುಗಳು ಮಡಚಲಾರದಾದವು. “ನುಡಿಸುವವರ ಕೈಗೆ ಹೋಗ್ಲಿ” ಎಂದು ಅವರೇ ನನ್ನನ್ನು ತಂದು, ಈಗ ಅಂಗಡಿಯೂ ಆಗಿರುವ ಅವಳ ಪಡಸಾಲೆಯಲ್ಲಿ ಬಿಟ್ಟುಹೋದರು.

ಕಳೆದ ತಿಂಗಳು ಒಂದು ಬೆಳಿಗ್ಗೆ ಬೆಂಗಳೂರಿನಿಂದ ವಾದ್ಯದ ವ್ಯಾಪಾರಿಯೊಬ್ಬ ಬಂದ. ಸಣ್ಣ ಕನ್ನಡಿಯೊಂದನ್ನು ನನ್ನ ಬಾಯಿಯೊಳಗೆ ಇಳಿಸಿ ಟಾರ್ಚು ಬಿಟ್ಟು ನೋಡಿದ.

“ಒಳಗಡೆ ಕೆಲಸ ಗಲೀಜು ಮೇಡಂ. ಕಡ್ಡಿನೆಲ್ಲ ಇಲಿ ಕಡಿದ ಹಾಗಿದೆ. ಮೇಲಿನ ಜಿಂಕೆ ಮಾತ್ರ ಸೂಪರ್. ಹೋಟೆಲ್‌ನೋರು ಗೋಡೆಗೆ ಹಾಕೋಕೆ ಕಣ್ಮುಚ್ಚಿ ತಗೋತಾರೆ.”

ಕಾಮಾಕ್ಷಿ ಅಭ್ಯಾಸದ ನಗು ನಗಲು ಹೊರಟಿದ್ದಳು. ಮೂಲೆಯ ಬೆತ್ತದ ಕುರ್ಚಿ ಕಿರುಗುಟ್ಟಿತು. ಎಂಬತ್ತಾರರ ಕೆಂಪಾಚಾರ್ರು ಕೋಲೂರಿ ಎದ್ದು ನಿಂತಿದ್ದರು.

“ಸ್ವಾಮಿ, ಆ ಜಿಂಕೆ ಕೂರ್ಸಿದ್ದು ನಾನು. ಕೂರ್ಸಬಾರ್ದಾಗಿತ್ತು. ಇವಳು ಊರಲ್ಲಿಲ್ದಾಗ, ಒಂದ್ಮಾತು ಕೇಳ್ದೆ ಇದರ ಗಂಟಲು ಹಿಸುಕಿಬಿಟ್ಟೆ. ನೀವು ಇಲಿ ಕಡ್ದಿದೆ ಅಂತೀರಲ್ಲ, ಅದು ನನ್ನ ಮಗಳು ಕೈ ತರಚಿಕೊಂಡು ನನ್ನ ತಪ್ಪನ್ನ ಕೆರೆದು ತೆಗೆದಿರೋದು. ನಾನು ಮಾಡಿದ್ದು ಅಲಂಕಾರ. ಕೆಲಸ ಅಂದ್ರೆ ಅದು.”

ವ್ಯಾಪಾರಿ ಕನ್ನಡಿ ಮಡಚಿಕೊಂಡ. ಕೆಂಪಾಚಾರ್ರು ಕೋಲನ್ನು ಗೋಡೆಗೆ ಒರಗಿಸಿ ಮತ್ತೆ ಕೂತರು. ಕಾಮಾಕ್ಷಿಗೆ ಈಗ ಐವತ್ತು ದಾಟಿದೆ, ತಲೆ ಅರ್ಧ ಬೆಳ್ಳಗಾಗಿದೆ. ಅವಳು ಅಪ್ಪನ ಮುಖ ನೋಡಲಿಲ್ಲ. “ಕಾಫಿ ಮಾಡ್ತೀನಿ ಅಪ್ಪ” ಎಂದು ಒಳಗೆ ಹೋದಳು.

ನಾನು ಇನ್ನೂ ಇಲ್ಲೇ ಮೂಲೆಯಲ್ಲಿದ್ದೇನೆ. ನುಡಿಸಬಲ್ಲವರು ಯಾರಾದರೂ ಬಂದರೆ ಸಂತೋಷವಾಗಿ ಹೋಗುತ್ತೇನೆ, ಅವಸರವೇನಿಲ್ಲ. ಎಷ್ಟೋ ಕಡೆ ಎಷ್ಟೋ ಚಪ್ಪಾಳೆ ಕೇಳಿದ್ದೇನೆ, ಆದರೆ ಆ ಬೆಳಿಗ್ಗೆಯಷ್ಟು ತೃಪ್ತಿ ನನಗೆ ಯಾವತ್ತೂ ಆಗಿರಲಿಲ್ಲ. ಅಂದು ಕಾಫಿ ಬರಲು ಬಹಳ ಹೊತ್ತಾಯಿತು. ಕೆಂಪಾಚಾರ್ರು ಒಮ್ಮೆಯೂ ಕೂಗಿ ಕರೆಯದೆ ಕಾದರು.